ಹೆಸರಿಲ್ಲದ ಅರ್ಜಿದಾರರು

ಆಸ್ಟ್ರೇಲಿಯದ ನ್ಯಾಯಾಲಯಗಳ ತೀರ್ಪುಗಳನ್ನು ತಿರುವಿ ನೋಡುವವರಿಗೆ ಒಂದು ಸೋಜಿಗ ಕಣ್ಣಿಗೆ ಬೀಳದಿರದು. ನಿರಾಶ್ರಿತನೆಂದು ರಕ್ಷಣೆಯ ವೀಸಾ ಬೇಡಿದವನಿಗೆ ಅಲ್ಲಿ ಹೆಸರಿಲ್ಲ. ಕೆಲವು ಅಕ್ಷರ, ಕೆಲವು ಅಂಕಿ, ಅಷ್ಟೆ. ಹೆಸರು ಹೊರಬಿದ್ದರೆ ಅವನಿಗೂ ಊರಿನಲ್ಲುಳಿದ ಬಂಧುಗಳಿಗೂ ಕೇಡಾದೀತೆಂದು ಶಾಸನವೇ ಹಾಗೆ ವಿಧಿಸಿದೆ. ಈ ಕನಿಕರ ಮೆಚ್ಚತಕ್ಕದ್ದೇ. ಆದರೆ ಹೆಸರನ್ನು ಕಾಯುವ ನ್ಯಾಯಾಲಯ ಅವನ ಭಯವನ್ನು ಅಳೆಯುವುದಿಲ್ಲವೆಂಬುದನ್ನು ನಮ್ಮಲ್ಲಿ ಬಲ್ಲವರು ಕಡಮೆ.

ಇಲಾಖೆ ವೀಸಾ ನಿರಾಕರಿಸಿದರೆ ಅರ್ಜಿದಾರ ಪರಿಶೀಲನಾ ಮಂಡಳಿಗೆ ಹೋಗುತ್ತಾನೆ. 2024ರ ಅಕ್ಟೋಬರಿನಿಂದ ಈ ಕೆಲಸ ಹೊಸದೊಂದು ಮಂಡಳಿಯ ಪಾಲಿಗೆ ಬಂದಿದೆ. ಅವನ ಮಾತು ನಿಜವೆ, ಹಿಂದಿರುಗಿದರೆ ಹಿಂಸೆಗೆ ಗುರಿಯಾಗುವನೆ ಎಂಬ ವಿಚಾರಣೆ ಅಲ್ಲಿಗೆ ಮುಗಿಯಿತು. ಅಲ್ಲಿಯೂ ಸೋತು, 35 ದಿನಗಳೊಳಗೆ ನ್ಯಾಯಾಲಯದ ಮೆಟ್ಟಿಲೇರಿದವನಿಗೆ ಸಿಗುವುದು ಬೇರೆಯೇ ವಿಚಾರಣೆ. ಮಂಡಳಿ ತನ್ನ ಅಧಿಕಾರದ ಎಲ್ಲೆಯನ್ನು ಮೀರಿತೆ? ಅವನು ಹೇಳಿದ್ದರಲ್ಲಿ ಮುಖ್ಯವಾದುದನ್ನು ಕಡೆಗಣಿಸಿತೆ? ಅಹವಾಲನ್ನು ಕೇಳಬೇಕಾದ ರೀತಿಯಲ್ಲಿ ಕೇಳಿತೆ? ದೋಷ ಕಂಡರೂ ನ್ಯಾಯಾಧೀಶರು ವೀಸಾ ಕೊಡಲಾರರು. ಮತ್ತೆ ವಿಚಾರಿಸಿರೆಂದು ಹಿಂದಕ್ಕೆ ಕಳುಹಿಸಬಲ್ಲರು. ದೋಷ ಕಾಣದಿದ್ದರೆ ಅರ್ಜಿ ವಜಾ. ಪತ್ರಿಕೆಯಲ್ಲಿ ಅದನ್ನೋದಿದವರು, ಆತ ಸುಳ್ಳುಗಾರನೆಂದು ಕೋರ್ಟೇ ಹೇಳಿತೆಂದುಕೊಳ್ಳುತ್ತಾರೆ. ಕೋರ್ಟು ಹೇಳಿದ್ದು ಅದಲ್ಲ.

ಇಷ್ಟು ಕಿರಿದಾದ ಬಾಗಿಲಿನಿಂದ ಏನು ಪ್ರಯೋಜನವೆಂದು ಕೇಳಬಹುದು. 2001ರಲ್ಲಿ ಅಲ್ಲಿಯ ಪಾರ್ಲಿಮೆಂಟು ಅದನ್ನೂ ಮುಚ್ಚಲೆತ್ನಿಸಿ, ಇಂಥ ನಿರ್ಣಯಗಳನ್ನು ಯಾವ ನ್ಯಾಯಾಲಯದಲ್ಲಿಯೂ ಪ್ರಶ್ನಿಸಕೂಡದೆಂದು ಶಾಸನ ಮಾಡಿತು. ಅಧಿಕಾರದ ಎಲ್ಲೆ ಮೀರಿದ ನಿರ್ಣಯಕ್ಕೆ ಆ ಕವಚ ಸಲ್ಲದೆಂದು 2003ರಲ್ಲಿ ಹೈಕೋರ್ಟು ಸಾರಿತು. (ಆ ದೇಶದ ಸರ್ವೋಚ್ಚ ನ್ಯಾಯಾಲಯಕ್ಕೆ ಅದೇ ಹೆಸರು.) ಅದೇ ವರ್ಷದ ಡಿಸೆಂಬರಿನಲ್ಲಿ ಬಾಂಗ್ಲಾದೇಶದ ಇಬ್ಬರು ಗಂಡಸರ ಮೊಕದ್ದಮೆ ತೀರ್ಮಾನವಾಯಿತು. ಅವರು ದಂಪತಿಗಳಂತೆ ಜೊತೆಯಾಗಿ ಬಾಳಿದವರು. ಯಾರ ಕಣ್ಣಿಗೂ ಬೀಳದಂತೆ ಹಿಂದೆ ಬಾಳಿದ್ದರು, ಮುಂದೆಯೂ ಹಾಗೆಯೇ ಬಾಳುವರು, ಅಪಾಯವೆಲ್ಲಿ—ಇದು ಮಂಡಳಿಯ ತರ್ಕ. ಅವಿತು ಬಾಳಿದ್ದು ಯಾವ ಭಯದಿಂದ ಎಂದು ಮಂಡಳಿ ಕೇಳಿಕೊಳ್ಳಲೇ ಇಲ್ಲವೆಂದು ಏಳು ನ್ಯಾಯಾಧೀಶರಲ್ಲಿ ನಾಲ್ವರು ಕಂಡುಕೊಂಡರು. ಪ್ರಕರಣ ಮರುವಿಚಾರಣೆಗೆ ಹೋಯಿತು. ಉಳಿದ ಮೂವರು ಒಪ್ಪಲಿಲ್ಲ. ಒಂದೇ ಮತದ ಅಂತರ!

ಆ ಪ್ರಶ್ನೆಯನ್ನು ಎತ್ತಿ ಹಿಡಿಯಲು ಬಲ್ಲ ವಕೀಲರು ಬೇಕಷ್ಟೆ. ಅನೇಕ ಅರ್ಜಿದಾರರು ವಕೀಲರಿಲ್ಲದೆ, ತಮ್ಮದಲ್ಲದ ಭಾಷೆಯ ನಿರ್ಣಯದಲ್ಲಿ ಕಾನೂನಿನ ದೋಷ ಹುಡುಕಬೇಕಾಗಿದೆ. ಅವರು ಹೇಳಿಕೊಳ್ಳುವುದು ತಮ್ಮ ಕಷ್ಟವನ್ನು, ನ್ಯಾಯಾಲಯ ಕೇಳಲಾಗದುದೂ ಅದನ್ನೇ. ಕಾಲ ತಳ್ಳಲೆಂದೇ ಅರ್ಜಿ ಹಾಕುವವರೂ ಇದ್ದಾರೆ, ಇಲ್ಲವೆನ್ನುವುದು ಹಟ. ಆದರೂ, ಇಂಥ ಪ್ರತಿಯೊಬ್ಬನಿಗೂ ಸರ್ಕಾರವೇ ಒಬ್ಬ ವಕೀಲನನ್ನು ಒದಗಿಸಬೇಕೆಂಬುದು ನನ್ನ ಅಭಿಪ್ರಾಯ. ಹುರುಳಿಲ್ಲದ ಅರ್ಜಿಯನ್ನು ಹಾಕಬೇಡವೆಂದು ಹೇಳುವವನೂ ಅವನೇ ಅಲ್ಲವೆ?