ಸಂಮೋಹನ ಚಿಕಿತ್ಸಕನಿಗೆ ಯಾವ ಶಿಕ್ಷಣ ಬೇಕು?

ನಾನು ಪ್ರೌಢಶಾಲೆಯಲ್ಲಿ ಓದುತ್ತಿದ್ದ ಕಾಲದಲ್ಲಿ ನಮ್ಮ ಶಾಲೆಯ ಸಭಾಂಗಣದಲ್ಲಿ ಒಮ್ಮೆ ಸಂಮೋಹನ ವಿದ್ಯೆಯ ಪ್ರದರ್ಶನ ನಡೆಯಿತು. ವೇದಿಕೆಯ ಮೇಲಿದ್ದ ಮಹನೀಯರು ಒಬ್ಬ ವಿದ್ಯಾರ್ಥಿಯನ್ನು ಕರೆದು, ತಮ್ಮ ಬೆರಳ ತುದಿಯನ್ನೇ ದಿಟ್ಟಿಸುವಂತೆ ಹೇಳಿ, ಮೆಲುದನಿಯಲ್ಲಿ ಏನೇನೋ ನುಡಿದು ಅವನ ಕಣ್ಣು ಮುಚ್ಚಿಸಿದರು. ಬಳಿಕ ಹಸಿಯ ಈರುಳ್ಳಿಯೊಂದನ್ನು ಅವನ ಕೈಗಿತ್ತು "ಇದು ಸೇಬು" ಎಂದರು. ಹುಡುಗನು ಅದನ್ನು ಸವಿದು ತಿಂದನು. ನಾವೆಲ್ಲರೂ ಚಪ್ಪಾಳೆ ತಟ್ಟಿದೆವು. ಮರೆವು, ತಲೆನೋವು, ಪರೀಕ್ಷೆಯ ಭಯ ಮುಂತಾದುವನ್ನು ಇದೇ ವಿದ್ಯೆಯಿಂದ ವಾಸಿಮಾಡುವುದಾಗಿ ಅವರು ಕೊನೆಯಲ್ಲಿ ಪ್ರಕಟಿಸಿದರು.

ನನ್ನ ಸಹಪಾಠಿಯೊಬ್ಬನ ತಂದೆ ಈ ಮಾತನ್ನು ನಂಬಿದರು. ಆ ಹುಡುಗನು ಪಾಠದ ನಡುವೆ ಕ್ಷಣಕಾಲ ಮೈಮರೆತು ಶೂನ್ಯದೃಷ್ಟಿಯಿಂದ ಕುಳಿತುಬಿಡುತ್ತಿದ್ದನು. ಅದು ಏಕಾಗ್ರತೆಯ ಕೊರತೆಯೆಂದು ಎಲ್ಲರೂ ತಿಳಿದಿದ್ದರು. ಸುಮಾರು ಒಂದು ವರ್ಷ ಅವನಿಗೆ ಸಂಮೋಹನ ಚಿಕಿತ್ಸೆ ನಡೆಯಿತು. ಒಂದು ದಿನ ಊರ ಕೆರೆಯಲ್ಲಿ ಈಜುತ್ತಿದ್ದಾಗ ಅವನ ಕೈಕಾಲು ಸೆಟೆದುಕೊಂಡವು. ಹತ್ತಿರದಲ್ಲಿ ಬಟ್ಟೆ ಒಗೆಯುತ್ತಿದ್ದವರು ಎಳೆದು ದಡಕ್ಕೆ ಹಾಕಿದುದರಿಂದ ಬದುಕಿದನು. ಪಟ್ಟಣದ ಆಸ್ಪತ್ರೆಯಲ್ಲಿ ಮಿದುಳಿನ ವಿದ್ಯುತ್ತರಂಗಗಳನ್ನು ಪರೀಕ್ಷಿಸಿದ ವೈದ್ಯರು ಅದು ಮೂರ್ಛೆರೋಗವೆಂದು ನಿರ್ಣಯಿಸಿದರು. ಗುಳಿಗೆಗಳಿಂದ ಅದು ಹತೋಟಿಗೆ ಬಂದಿತು.

ಆ ಮಹನೀಯರು ವಂಚಕರೆಂದು ನಾನು ಹೇಳಲಾರೆ. ಸಂಮೋಹನಗೊಳಿಸುವುದನ್ನು ಅವರು ಚೆನ್ನಾಗಿ ಬಲ್ಲವರಾಗಿದ್ದರು. ಯಾರನ್ನು ಸಂಮೋಹನಗೊಳಿಸಬಾರದು, ಯಾರನ್ನು ಮೊದಲು ವೈದ್ಯರಲ್ಲಿಗೆ ಕಳುಹಿಸಬೇಕು ಎಂಬುದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ಈ ಲೇಖನದ ವಿಷಯವೂ ಅದೇ ಆಗಿದೆ.

ಸಂಮೋಹನವು ಬರಿಯ ಬೂಟಾಟಿಕೆಯೆ ಎಂದು ವಾಚಕರು ಕೇಳಬಹುದು. ಹಾಗೇನೂ ಇಲ್ಲ, ಆದರೆ ಅದರ ಚರಿತ್ರೆಯಲ್ಲಿ ನಿಜವೂ ಭ್ರಮೆಯೂ ಹೆಣೆದುಕೊಂಡಿವೆ. ಹದಿನೆಂಟನೆಯ ಶತಮಾನದಲ್ಲಿ ಮೆಸ್ಮರ್ ಎಂಬ ವೈದ್ಯನು ತನ್ನಿಂದ ರೋಗಿಗೆ ಕಾಣದ ಕಾಂತದ್ರವವೊಂದು ಹರಿಯುವುದೆಂದು ಸಾರಿದನು. 1784ರಲ್ಲಿ ಫ್ರಾನ್ಸಿನ ದೊರೆಯು ನೇಮಿಸಿದ ಸಮಿತಿಯಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಮತ್ತು ಲವಾಸಿಯೇ ಇದ್ದರು. ಪರೀಕ್ಷೆ ನಡೆಸಿದ ಆ ಸಮಿತಿಯು ಅಂಥ ದ್ರವಕ್ಕೆ ಆಧಾರವಿಲ್ಲವೆಂದೂ ಪರಿಣಾಮಗಳು ಕಲ್ಪನೆಯಿಂದ ಉಂಟಾದುವೆಂದೂ ತೀರ್ಮಾನಿಸಿತು. 1843ರಲ್ಲಿ ಮ್ಯಾಂಚೆಸ್ಟರಿನ ಶಸ್ತ್ರವೈದ್ಯ ಜೇಮ್ಸ್ ಬ್ರೇಡ್ ಈ ವಿಷಯದ ಮೇಲೆ ಗ್ರಂಥವೊಂದನ್ನು ಪ್ರಕಟಿಸಿ, ಗ್ರೀಕರ ನಿದ್ರಾದೇವತೆಯ ಹೆಸರಿನಿಂದ 'ಹಿಪ್ನಾಟಿಸಂ' ಎಂಬ ಪದವನ್ನು ಬಳಕೆಗೆ ತಂದನು.

ನಮ್ಮ ದೇಶಕ್ಕೂ ಈ ಚರಿತ್ರೆಯಲ್ಲಿ ಪಾಲುಂಟು. 1845ರಲ್ಲಿ ಬಂಗಾಳದ ಹೂಗ್ಲಿಯಲ್ಲಿದ್ದ ಜೇಮ್ಸ್ ಎಸ್ಡೇಲ್ ಎಂಬ ಶಸ್ತ್ರವೈದ್ಯನು ಮೆಸ್ಮರನ ಕ್ರಮದಿಂದ ರೋಗಿಗಳನ್ನು ಜಡಾವಸ್ಥೆಗೆ ತಂದು ದೊಡ್ಡ ಗಡ್ಡೆಗಳನ್ನು ಕತ್ತರಿಸಿ ತೆಗೆದನು. ಮರುವರ್ಷ ಕಲ್ಕತ್ತೆಯಲ್ಲಿ ಇದಕ್ಕಾಗಿಯೇ ಒಂದು ಆಸ್ಪತ್ರೆ ತೆರೆಯಿತು. ಆದರೆ ಅದೇ 1846ರಲ್ಲಿ ಈಥರ್, 1847ರಲ್ಲಿ ಕ್ಲೋರೋಫಾರ್ಮ್ ಶಸ್ತ್ರವೈದ್ಯರ ಕೈಸೇರಿದುವು. ಗಂಟೆಗಟ್ಟಲೆ ಮೈಸವರುವುದಕ್ಕಿಂತ ಅವುಗಳ ಪರಿಣಾಮ ಶೀಘ್ರವೂ ನಿಶ್ಚಿತವೂ ಆಗಿದ್ದಿತು.

ಈಗಿನ ವಿಜ್ಞಾನವು ಸಂಮೋಹನಕ್ಕೆ ಒಂದು ಮಿತವಾದ ಸ್ಥಾನವನ್ನು ಕೊಟ್ಟಿದೆ. 1984ರಲ್ಲಿ ಪೀಟರ್ ವೋರ್ವೆಲ್ ಮತ್ತು ಅವರ ಸಹೋದ್ಯೋಗಿಗಳು ಮೂವತ್ತು ಮಂದಿ ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯಲ್ಲಿ, ತೀವ್ರವಾದ ಕರುಳಿನ ಕೆರಳಿಕೆಯಿಂದ ನರಳುತ್ತಿದ್ದವರಿಗೆ ಇದರಿಂದ ಗಣನೀಯ ಗುಣ ಕಂಡುಬಂದಿತು. ಕೆಲವು ಬಗೆಯ ನೋವನ್ನು ತಗ್ಗಿಸಲೂ ಇದು ನೆರವಾಗುವುದು. ಇನ್ನೊಂದು ಸಂಗತಿ ಸಾಮಾನ್ಯ ನಂಬಿಕೆಗೆ ವಿರುದ್ಧವಾದುದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಹಿಲ್ಗಾರ್ಡ್ ಮತ್ತು ವೈಟ್ಸೆನ್‌ಹಾಫರ್ 1959ರಲ್ಲಿ ಸಂಮೋಹನಕ್ಕೆ ಒಳಗಾಗುವ ಶಕ್ತಿಯನ್ನು ಅಳೆಯುವ ಮಾನವನ್ನು ಹೊರತಂದರು. ಈ ಶಕ್ತಿ ಒಬ್ಬೊಬ್ಬರಲ್ಲಿ ಒಂದೊಂದು ಪ್ರಮಾಣದಲ್ಲಿರುವುದೆಂದೂ ಅದು ಬಹುಕಾಲ ಹೆಚ್ಚು ವ್ಯತ್ಯಾಸವಾಗದೆ ಉಳಿಯುವುದೆಂದೂ ಇಂಥ ಅಳತೆಗಳಿಂದ ತಿಳಿದುಬಂದಿದೆ. ಎಂದರೆ, ಪವಾಡದ ಬಹುಪಾಲು ಇರುವುದು ಒಳಗಾಗುವವನಲ್ಲಿ; ಸಂಮೋಹಕನ ತೀಕ್ಷ್ಣ ದೃಷ್ಟಿಯಲ್ಲಲ್ಲ!

ಹಾಗಿರುವಲ್ಲಿ, ಕಣ್ಣು ಮುಚ್ಚಿಸುವ ಕ್ರಮವನ್ನು ಕೆಲವೇ ದಿನಗಳಲ್ಲಿ ಕಲಿಯಬಹುದು. ಕಠಿಣವಾದುದು ಅದರ ಹಿಂದುಮುಂದಿನ ಕೆಲಸ. ತಲೆನೋವು ಚಿಂತೆಯಿಂದ ಬಂದಿರಬಹುದು, ಮಿದುಳಿನ ಗಡ್ಡೆಯಿಂದಲೂ ಬಂದಿರಬಹುದು. ಸೂಚನೆಯ ಬಲದಿಂದ ನೋವನ್ನು ಮರೆಸಿದರೆ ಗಡ್ಡೆಯು ಸದ್ದಿಲ್ಲದೆ ಬೆಳೆಯುವುದು. ನೆನಪಿನ ವಿಷಯದಲ್ಲಿಯೂ ಅಪಾಯವುಂಟು. ಸಂಮೋಹನದಲ್ಲಿ ಹೊರಬಂದ ನೆನಪುಗಳಲ್ಲಿ ಕಲ್ಪಿತವಾದುವು ಬೆರೆಯಬಹುದೆಂದೂ ಅವು ಸಾಮಾನ್ಯ ನೆನಪಿಗಿಂತ ಹೆಚ್ಚು ನಂಬಿಕೆಗೆ ಅರ್ಹವಲ್ಲವೆಂದೂ 1985ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಮಂಡಲಿಯೊಂದು ವರದಿಮಾಡಿತು. ಪಳಗದ ಚಿಕಿತ್ಸಕನ ಒಂದು ಪ್ರಶ್ನೆಯೇ, ಎಂದೂ ನಡೆಯದ ಘಟನೆಯನ್ನು ರೋಗಿಯ ಮನಸ್ಸಿನಲ್ಲಿ ನೆಟ್ಟು, ಒಂದು ಕುಟುಂಬವನ್ನೇ ಒಡೆಯಬಲ್ಲುದು.

ಆದಕಾರಣ ನನ್ನ ಅಭಿಪ್ರಾಯವಿಷ್ಟು: ಸಂಮೋಹನವು ಸ್ವತಂತ್ರವಾದ ವೃತ್ತಿಯಲ್ಲ, ವೃತ್ತಿನಿಪುಣನ ಕೈಯಲ್ಲಿರಬೇಕಾದ ಒಂದು ಉಪಕರಣ. ಅದನ್ನು ಬಳಸುವವನು ಮೊದಲು ವೈದ್ಯನೋ ಚಿಕಿತ್ಸಾ ಮನೋವಿಜ್ಞಾನಿಯೋ ಆಗಿರಬೇಕು. ಸಂಮೋಹನದ ಶಿಕ್ಷಣ ಆಮೇಲಿನದು. 1955ರಲ್ಲಿ ಬ್ರಿಟಿಷ್ ವೈದ್ಯಕೀಯ ಸಂಘವು ಸಂಮೋಹನಕ್ಕೆ ಚಿಕಿತ್ಸೆಯಲ್ಲಿ ಸ್ಥಾನವುಂಟೆಂದು ಒಪ್ಪಿದಾಗಲೂ ಅದರ ಬೋಧನೆಯನ್ನು ವೈದ್ಯಶಿಕ್ಷಣದ ಚೌಕಟ್ಟಿನೊಳಗೇ ಇರಿಸಬಯಸಿತು. ಅದಕ್ಕೂ ಮೊದಲು, 1952ರಲ್ಲಿ, ಬ್ರಿಟನ್ನಿನ ಕಾಯಿದೆಯೊಂದು ಇಪ್ಪತ್ತೊಂದು ವರ್ಷ ತುಂಬದವರನ್ನು ಸಾರ್ವಜನಿಕ ಪ್ರದರ್ಶನದಲ್ಲಿ ಸಂಮೋಹನಗೊಳಿಸುವುದನ್ನು ನಿಷೇಧಿಸಿತು; ಆ ಮಿತಿಯನ್ನು ಮುಂದೆ ಹದಿನೆಂಟಕ್ಕೆ ಇಳಿಸಲಾಯಿತು.

ನಮ್ಮಲ್ಲಿ ಇದಕ್ಕೆ ಬೇಕಾದ ತಳಹದಿ ಇಲ್ಲದಿಲ್ಲ. 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಪ್ರಾರಂಭವಾಯಿತು. ಮನೋವೈದ್ಯರಿಗೂ ಮನೋವಿಜ್ಞಾನಿಗಳಿಗೂ ಉನ್ನತ ಶಿಕ್ಷಣವನ್ನು ಕೊಡಲಾರಂಭಿಸಿದ ಆ ಸಂಸ್ಥೆಯೇ 1974ರಲ್ಲಿ ನಿಮ್ಹಾನ್ಸ್‌ನೊಳಗೆ ಸೇರಿತು. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯು ಚಿಕಿತ್ಸಾ ಮನೋವಿಜ್ಞಾನಿಯನ್ನು ನಿರೂಪಿಸುವಾಗ, ಸ್ನಾತಕೋತ್ತರ ಪದವಿಯ ಮೇಲೆ ಎರಡು ವರ್ಷಗಳ ಪೂರ್ಣಕಾಲದ, ಮೇಲ್ವಿಚಾರಣೆಯುಳ್ಳ ಪ್ರಾಯೋಗಿಕ ಶಿಕ್ಷಣವನ್ನು ಹೇಳಿದೆ. 'ಮೇಲ್ವಿಚಾರಣೆ' ಎಂಬ ಪದವೇ ಇಲ್ಲಿ ಮುಖ್ಯ. ಶಿಷ್ಯನು ರೋಗಿಯೊಡನೆ ಆಡಿದ ಮಾತನ್ನು ಗುರುವು ವಿಮರ್ಶಿಸಿ ತಪ್ಪನ್ನು ತೋರಿಸಬೇಕು. ಪುಸ್ತಕದಿಂದಾಗಲಿ ವಾರಾಂತ್ಯದ ಶಿಬಿರದಿಂದಾಗಲಿ ಇದು ದೊರೆಯದು.

ಇದಕ್ಕೆ ಒಂದು ಆಕ್ಷೇಪವುಂಟು, ಅದು ಹಗುರವಾದುದಲ್ಲ. ನಮ್ಮ ದೇಶದಲ್ಲಿ ನರಳುವವರು ಅಸಂಖ್ಯಾತರು, ತಜ್ಞರು ವಿರಳ. ಇಷ್ಟು ಕಟ್ಟುಪಾಡು ಹಾಕಿದರೆ ಹಳ್ಳಿಯ ಬಡವನ ಗತಿಯೇನು? ಇದಕ್ಕೆ ಉತ್ತರವನ್ನು ಬಳ್ಳಾರಿ ಜಿಲ್ಲೆಯಲ್ಲಿ ಕಾಣಬಹುದು. 1985ರಲ್ಲಿ ನಿಮ್ಹಾನ್ಸ್ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಅಲ್ಪಾವಧಿಯ ಶಿಕ್ಷಣವನ್ನಿತ್ತು ಮನೋರೋಗಿಗಳ ಆರೈಕೆಯನ್ನು ಜಿಲ್ಲೆಯಾದ್ಯಂತ ಹರಡಲು ತೊಡಗಿತು. ಅದೇ ಮುಂದೆ ರಾಷ್ಟ್ರದ ಜಿಲ್ಲಾ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಅವರ ಶಿಕ್ಷಣ ಚಿಕ್ಕದು, ಆದರೆ ಎಲ್ಲೆಯುಳ್ಳದ್ದು: ಕೆಲವು ರೋಗಗಳನ್ನು ಗುರುತಿಸುವುದು, ಗೊತ್ತಾದ ಔಷಧವನ್ನು ಕೊಡುವುದು, ಕೈಮೀರಿದುದನ್ನು ಮೇಲಿನವರಿಗೆ ಕಳುಹಿಸುವುದು. ಶಿಕ್ಷಣವು ಚಿಕ್ಕದಾದರೆ ದೋಷವಲ್ಲ. ತನ್ನ ಮೇರೆಯನ್ನು ತಾನರಿಯದ ಶಿಕ್ಷಣವೇ ದೋಷ.

ತರುಣ ವಾಚಕರಿಗೆ ಎರಡು ಮಾತು. ಸಂಮೋಹನದಿಂದ ಗುಣಪಡಿಸುವೆವೆಂದು ಯಾರಾದರೂ ಹೇಳಿದರೆ ಮೂರು ಪ್ರಶ್ನೆಗಳನ್ನು ಕೇಳಿರಿ: ಸಂಮೋಹನ ಕಲಿಯುವ ಮೊದಲು ತಾವು ಏನನ್ನು ಕಲಿತಿದ್ದಿರಿ? ಯಾರ ಮೇಲ್ವಿಚಾರಣೆಯಲ್ಲಿ ಪಳಗಿದಿರಿ? ಯಾವ ರೋಗಿಯನ್ನು ತಾವು ಮುಟ್ಟುವುದಿಲ್ಲ? ಮೂರನೆಯದಕ್ಕೆ ಉತ್ತರವಿಲ್ಲದವರಿಂದ ದೂರವಿರುವುದು ಲೇಸು. ನಿಮ್ಮಲ್ಲಿ ಯಾರಿಗಾದರೂ ಮನಸ್ಸಿನ ಚಿಕಿತ್ಸೆಯನ್ನೇ ವೃತ್ತಿಯಾಗಿ ಹಿಡಿಯುವ ಹಂಬಲವಿದ್ದರೆ, ಹಾದಿ ದೀರ್ಘವೆಂದು ಅಂಜಬೇಡಿರಿ. ನನ್ನ ಸಹಪಾಠಿಯನ್ನು ಅಂದು ದಡ ಸೇರಿಸಿದವರು ಬಟ್ಟೆ ಒಗೆಯುತ್ತಿದ್ದ ಜನ. ಆ ಪುಣ್ಯವು ಪ್ರತಿಯೊಬ್ಬ ರೋಗಿಗೂ ಒದಗುವುದೆಂದು ನಂಬಿ ಕೂರಲಾಗದು.