ಬೆಟ್ಟ ಖಾಲಿ ಇಲ್ಲ ಮಾರಾಯ್ರೆ

ವೀಕೆಂಡಿಗೆ ಬೆಂಗಳೂರಿಂದ ಶಿರಸಿ ಬಸ್ ಹತ್ತಿ, ಉಂಚಳ್ಳಿ, ಮಾಗೋಡು, ಜೇನುಕಲ್ಲು ಗುಡ್ಡ ಸುತ್ತಿ ಹೋದವರ ಫೋಟೋಗಳೆಲ್ಲ ಈಗ ಕಪ್ಪು-ಬಿಳುಪು. ಮಳೆಗಾಲದ ಮಂಜು, ಅದರಲ್ಲಿ ಅರ್ಧ ಮುಳುಗಿದ ಬೆಟ್ಟ, ಕೆಳಗೆ ‘ಮನುಷ್ಯ ಮುಟ್ಟದ ಕಾಡು’ ಅಂತ ಒಂದು ಸಾಲು. ಫೋಟೋ ಚೆಂದ ಇರ್ತವೆ, ಅದಕ್ಕೆ ತಕರಾರಿಲ್ಲ. ತಕರಾರು ಆ ಸಾಲಿನ ಮೇಲೆ.

ಟೊಂಗೆ ಕಡಿಸಿಕೊಂಡು ಗಂಟುಗಂಟಾಗಿ ನೆಟ್ಟಗೆ ನಿಂತ ಮರಗಳನ್ನು ಈ ಫೋಟೋಗಳಲ್ಲಿ ನೋಡಿರ್ತೀರಿ. ಬಣ್ಣ ತೆಗೆದ ಮೇಲೆ ಆದಿಕಾಲದ ವೃಕ್ಷಗಳ ಥರ ಕಾಣ್ತವೆ. ಸ್ವಾಮಿ, ಅದು ಸೊಪ್ಪಿನ ಬೆಟ್ಟ! ಅಡಿಕೆ ತೋಟಕ್ಕೆ ಸೊಪ್ಪು, ಒಣ ದರಕು ತರೋದಕ್ಕೆ ಬ್ರಿಟಿಷರ ಕಾಲದಿಂದಲೂ ಬಿಟ್ಟುಕೊಟ್ಟ ಜಾಗ. ಘಟ್ಟದ ಮೇಲೆ ಎಕರೆ ತೋಟಕ್ಕೆ 9 ಎಕರೆ ತನಕ. ಮರಕ್ಕೆ ಆ ಆಕಾರ ಕೊಟ್ಟಿದ್ದು ಕತ್ತಿ. ಬಣ್ಣ ಇದ್ದಿದ್ದರೆ ತೋಟದ ಹಸಿರು ಬೇರೆ, ಕಾಡಿನ ಹಸಿರು ಬೇರೆ ಅಂತ ಗೊತ್ತಾಗ್ತಿತ್ತು. ಆಪ್‌ನಲ್ಲಿ ಹಸಿರನ್ನು ಕಪ್ಪಿಗೆ ಎಳೆದರೆ ಅಡಿಕೆ, ಮತ್ತಿ ಎಲ್ಲ ಒಂದೇ ಮಸಿ.

ಈ ಶೈಲಿಯ ಗುರು ಅಮೆರಿಕದ ಆನ್ಸೆಲ್ ಆಡಮ್ಸ್. 1927ರಲ್ಲಿ ಯೊಸೆಮಿಟಿಯ ಹಾಫ್ ಡೋಮ್ ಬಂಡೆಯನ್ನು ಕೆಂಪು ಫಿಲ್ಟರ್ ಹಾಕಿ ತೆಗೆದ, ಆಕಾಶ ಕಪ್ಪಾಯಿತು. ಅದು ಕಲೆ, ಒಪ್ಪೋಣ. ಆದರೆ 1944ರಲ್ಲಿ ಲೋನ್ ಪೈನ್ ಊರಿಂದ ಸಿಯೆರಾ ನೆವಾಡಾ ತೆಗೆದಾಗ, ಗುಡ್ಡದ ಮೇಲೆ ಅಲ್ಲಿನ ಹೈಸ್ಕೂಲ್ ಮಕ್ಕಳು ಬರೆದಿದ್ದ ‘ಎಲ್‌ಪಿ’ ಅಕ್ಷರಗಳನ್ನು ಅಳಿಸಿಬಿಟ್ಟ. ಯೊಸೆಮಿಟಿಯ ಮೂಲನಿವಾಸಿಗಳನ್ನು 1851ರಲ್ಲಿ ಬಂದೂಕು ಹಿಡಿದು ಅಟ್ಟಿದ್ದರು. ತಿರುಗಿ ಬಂದವರು ಅಲ್ಲೇ ಬದುಕಿದ್ದರೂ ಆ ಪ್ರಸಿದ್ಧ ಚಿತ್ರಗಳಲ್ಲಿ ಇಲ್ಲ.

ನಮಗೇನು ಅಂತೀರಾ? ‘ಇಲ್ಲಿ ಯಾರೂ ಇಲ್ಲ’ ಅನ್ನೋ ಚಿತ್ರ ಎರಡು ಥರದವರಿಗೆ ಬೇಕು. ಒಬ್ಬರು ನದಿ ತಿರುಗಿಸೋರು. ಬೇಡ್ತಿ-ವರದಾ ಜೋಡಣೆಯ ಕಾಗದದಲ್ಲಿ ಈ ಕಣಿವೆ ಬರೀ ನೀರಿನ ಲೆಕ್ಕ. ಇನ್ನೊಬ್ಬರು, ಕಾಡು ಉಳೀಬೇಕಾದ್ರೆ ಜನ ಖಾಲಿ ಮಾಡ್ಲಿ ಅನ್ನೋರು. ಯಲ್ಲಾಪುರದ ಸಿದ್ದಿ, ಕುಣಬಿ, ಗೌಳಿಗರು ಇಬ್ಬರಿಗೂ ಅಡ್ಡಿ. ಕೊಡಲಿ ಬಂದಾಗ ಶಿರಸಿ ತಾಲೂಕಿನ ಸಾಲ್ಕಣಿಯ ಜನ 1983ರಲ್ಲಿ ಮರ ತಬ್ಬಿ ನಿಂತರಲ್ಲ, ಆ ಚಳವಳಿಯ ಹೆಸರೇ ‘ಅಪ್ಪಿಕೋ’. ಮುಟ್ಟದೆ ಅಪ್ಪಿಕೊಳ್ಳೋದು ಹೇಗೆ ಹೇಳಿ!

ಕಪ್ಪು-ಬಿಳುಪಲ್ಲೇ ತೆಗೀರಿ, ಬೇಡ ಅಂದವರ್ಯಾರು? ಕರೆಂಟ್ ತಂತಿ ಇದ್ದರೆ ಇರಲಿ. ದರಕಿನ ಹೊರೆ ಹೊತ್ತು ಬರೋ ಹೆಂಗಸು ಫ್ರೇಮಿಂದ ಆಚೆ ಹೋಗ್ಲಿ ಅಂತ ಕಾಯಬೇಡಿ. ಫೋಟೋ ತೆಗೀಲಾ ಅಂತ ಕೇಳಿ. ಹಾಗೇ ಆ ಬೆಟ್ಟಕ್ಕೆ ಏನಂತಾರೆ ಅಂತಲೂ.