ನೋವು ಹೋದ ಮೇಲೆ

ಸೊಂಟ ಹಿಡಿದವರಿಗೆ “ನೋವು ಹೋಗುವವರೆಗೆ ಮಲಗಿ, ಹೋದಮೇಲೆ ಎದ್ದು ಕೆಲಸ ನೋಡಿ” ಎನ್ನುವುದು ನಮ್ಮಲ್ಲಿ ಒಂದು ಶಿಷ್ಟಾಚಾರವೇ ಆಗಿಬಿಟ್ಟಿದೆ. ನಾನೂ ನಮ್ಮ ತಂದೆಯವರಿಗೆ ಹಾಗೆಯೇ ಹೇಳಿದವನು. ನೋವು ಹೋಗುತ್ತಿತ್ತು, ಮುಂದಿನ ಬಿತ್ತನೆಗೆ ತಪ್ಪದೆ ಮರಳುತ್ತಿತ್ತು. ಆ ಸಲಹೆ ತಪ್ಪೆಂಬುದು ಈಗ ನನ್ನ ದೃಢವಾದ ಮತ.

ಬೆನ್ನೆಲುಬಿನ ಮಣಿಗಳನ್ನು ಹಿಡಿದು ನಿಲ್ಲಿಸುವ ಮಲ್ಟಿಫಿಡಸ್ ಎಂಬ ಸ್ನಾಯು ಬೆನ್ನಿನ ಒಳಪದರದಲ್ಲಿದೆ. ಆಸ್ಟ್ರೇಲಿಯದ ಜೂಲಿ ಹೈಡ್ಸ್ ಎಂಬ ವಿದುಷಿಯೂ ಅವರ ಸಂಗಡಿಗರೂ, ಮೊದಲ ಬಾರಿಗೆ ಸೊಂಟನೋವು ಬಂದ 39 ಮಂದಿಯಲ್ಲಿ ಇದನ್ನು ಅಲ್ಟ್ರಾಸೌಂಡಿನಿಂದ ಅಳೆದು 1996ರಲ್ಲಿ ಫಲಿತಾಂಶ ಪ್ರಕಟಿಸಿದರು. ನೋವಿದ್ದ ಪಕ್ಕದಲ್ಲಿ ಸ್ನಾಯು ಸೊರಗಿತ್ತು. ನಾಲ್ಕು ವಾರಗಳಲ್ಲಿ ನೋವೇನೋ ಬಹುಮಟ್ಟಿಗೆ ಎಲ್ಲರಿಗೂ ಇಳಿಯಿತು. ಆದರೆ ವ್ಯಾಯಾಮ ಮಾಡದವರ ಸ್ನಾಯು, ಅವರು ನಿತ್ಯದ ಕೆಲಸಕ್ಕೆ ಮರಳಿ 10ನೆಯ ವಾರವಾದರೂ ತುಂಬಿಕೊಂಡಿರಲಿಲ್ಲ! ಅದನ್ನು ಮೆಲ್ಲನೆ ಬಿಗಿಹಿಡಿಯುವ ಅಭ್ಯಾಸ ಮಾಡಿದವರಲ್ಲಿ ಅದು ಮರಳಿ ಬೆಳೆದಿತ್ತು. ಒಂದು ವರ್ಷದೊಳಗೆ ನೋವು ಮರುಕಳಿಸಿದ್ದು ಇವರಲ್ಲಿ ನೂರಕ್ಕೆ 30 ಮಂದಿಗೆ, ಉಳಿದವರಲ್ಲಿ 84 ಮಂದಿಗೆ.

39 ಅಲ್ಪಸಂಖ್ಯೆಯೆಂದು ಅಧ್ಯಾಪಕ ಮಹಾಶಯರು ಆಕ್ಷೇಪಿಸಬಹುದು, ನ್ಯಾಯವೇ. ಆದರೆ 2021ರ ಕಾಕ್ರೇನ್ ವಿಮರ್ಶೆ 249 ಪ್ರಯೋಗಗಳನ್ನು ತೂಗಿ, ಬಹುಕಾಲದ ಸೊಂಟನೋವಿಗೆ ಸುಮ್ಮನಿರುವುದಕ್ಕಿಂತ ವ್ಯಾಯಾಮವೇ ಮೇಲೆಂದಿದೆ. (ಕಾಲಿನ ಬಲ ಕುಂದಿ ಮೂತ್ರದ ಹಿಡಿತ ತಪ್ಪಿದರೆ ಮಾತ್ರ ಕೂಡಲೇ ವೈದ್ಯರಲ್ಲಿಗೆ ಓಡಬೇಕು.)

“ದಿನವೆಲ್ಲ ಗುದ್ದಲಿ ಹಿಡಿಯುವವನಿಗೆ ವ್ಯಾಯಾಮವೇನೋ?” ಎಂದು ತಂದೆಯವರು ನಕ್ಕರು. ಆ ಆಸ್ಟ್ರೇಲಿಯದವರೂ ಕೆಲಸಕ್ಕೆ ಮರಳಿದ್ದರೆಂದು ತಿಳಿಸಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಈಗ ಹೊಲಕ್ಕೆ ಹೊರಡುವ ಮುನ್ನ ಚಾಪೆ ಹಾಸುತ್ತಾರೆ.